ನಾನು ಬಿಟ್ಟು ಓದಿದ ನಾಲ್ಕು ಪುಟ

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಪಾಸ್ಟರ್ ನನಗೆ ಕೊಟ್ಟ ವಿಷಯ ‘ಮದುವೆಯಲ್ಲಿ ಮಾತು’. ಇಲ್ಲಿ ಹೊಸದಾಗಿ ಮದುವೆಯಾದೋರು ಇದ್ದೀರಿ, ಮದುವೆಗೋಸ್ಕರ ಪ್ರಾರ್ಥನೆ ಮಾಡ್ತಿರೋರು ಇನ್ನೂ ಜಾಸ್ತಿ ಇದ್ದೀರಿ. ನಾನು ಬೋಧಕನಲ್ಲ. ವಾರಕ್ಕೆ ಆರು ದಿನ ಬೇರೆಯವರ ಲೆಕ್ಕ ನೋಡುವ ಅಕೌಂಟೆಂಟ್. ಆದ್ದರಿಂದ ಅಷ್ಟು ದೊಡ್ಡ ವಿಷಯಕ್ಕೆ ಕೈ ಹಾಕಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಪುಸ್ತಕ ಗಟ್ಟಿಯಾಗಿ ಓದಿ ಹೇಳೋದು, ಅದೊಂದರ ಬಗ್ಗೆ ಮಾತ್ರ ಮಾತಾಡ್ತೀನಿ. ಇದರಲ್ಲಿ ನನ್ನ ಹೆಂಡತಿಯ ವಿಷಯ ಬರುತ್ತೆ. ಅವಳ ಒಪ್ಪಿಗೆ ತಗೊಂಡೇ ಬಂದಿದ್ದೀನಿ. ಬರೆದುಕೊಂಡಿದ್ದನ್ನು ಗುರುವಾರ ರಾತ್ರಿ ಪೂರ್ತಿ ಅವಳಿಗೆ ಓದಿದೆ. ಎರಡು ಕಡೆ ತಿದ್ದಿಸಿದಳು.

ನಮ್ಮ ಮನೆಯಲ್ಲಿ ಓದು ಶುರುವಾಗಿದ್ದು ಪ್ರೀತಿಯಿಂದ ಅಲ್ಲ, ಅನಿವಾರ್ಯದಿಂದ. ನಾನು ಚಿಕ್ಕಬಳ್ಳಾಪುರದ ಕಡೆ ಹಳ್ಳಿಯವನು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಅವಳು ಫ್ರೇಜರ್ ಟೌನಿನವಳು. ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಇಂಗ್ಲಿಷು, ಸೆಕೆಂಡ್ ಲ್ಯಾಂಗ್ವೇಜ್ ಹಿಂದಿ. ಕನ್ನಡ ನನಗಿಂತ ಜೋರಾಗಿ ಮಾತಾಡ್ತಾಳೆ, ಆಟೋದವರ ಹತ್ರ ಜಗಳ ಆಡೋವಷ್ಟು. ಆದ್ರೆ ಓದೋಕೆ ಬರ್ತಿರಲಿಲ್ಲ. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಅಷ್ಟೇ. ಬೆಂಗಳೂರಿನಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಇಲ್ಲೇ ಕೂತಿರೋರಲ್ಲಿ ಒಂದಷ್ಟು ಜನ ಮುಸಿಮುಸಿ ನಗ್ತಿದ್ದೀರಿ.

ಕಪಾಟಿನಲ್ಲಿರುವ ನನ್ನ ಕನ್ನಡ ಪುಸ್ತಕಗಳು ಅವಳಿಗೆ ಗೋಡೆ ಇದ್ದ ಹಾಗೆ. ಅವಳ ಇಂಗ್ಲಿಷ್ ಪುಸ್ತಕಗಳನ್ನು ನಾನು ಓದಬಲ್ಲೆ, ಆದ್ರೆ ಹತ್ತು ಪುಟಕ್ಕೆ ನಿದ್ದೆ ಬರುತ್ತೆ. ಹಾಗಾಗಿ ಒಂದು ಒಪ್ಪಂದ ಆಯ್ತು: ಮಗು ಮಲಗಿದ ಮೇಲೆ ಒಂದು ದಿನ ನಾನು ಕನ್ನಡ ಓದೋದು, ಇನ್ನೊಂದು ದಿನ ಅವಳು ಇಂಗ್ಲಿಷ್ ಓದೋದು. ಮೊದಲು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ, ಹಾರುವ ಓತಿಕೇತವನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಅವಳು ನಕ್ಕ ನಗುವಿಗೆ ಮಗು ಎದ್ದುಬಿಟ್ಟಿತು. ಅದೇ ಪುಸ್ತಕವನ್ನು ನಾನು ಒಬ್ಬನೇ ಎರಡು ಸಲ ಓದಿದ್ದೆ, ಅಷ್ಟು ನಕ್ಕಿರಲಿಲ್ಲ.

ಕೆಲವು ಸಹೋದರರು ಕೇಳ್ತಾರೆ, ‘ಅಣ್ಣಾ, ವಿಶ್ವಾಸಿಗಳು ಕಾದಂಬರಿ ಓದಬಹುದಾ?’ ಮೂರು ಗಂಟೆ ರೀಲ್ಸ್ ನೋಡಿ ಬಂದವರು ಇದನ್ನು ಕೇಳಿದಾಗ ನಾನು ಉತ್ತರ ಕೊಡಲ್ಲ. ಮುಂದೆ ಹೋಗೋಣ.

ಅದಕ್ಕೂ ಮುಂಚೆ, ಮದುವೆಯ ಮೊದಲ ವರ್ಷದ ಒಂದು ವಿಷಯ ಹೇಳಬೇಕು. ಒಂದು ದಿನ ಜಗಳ ಆಗಿತ್ತು. ಯಾವುದಕ್ಕೆ ಅಂತ ನೆನಪಿಲ್ಲ, ಅವಳಿಗೆ ನೆನಪಿದೆ. ಅವತ್ತು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಸತ್ಯವೇದ ತೆಗೆದು ಎಫೆಸದವರಿಗೆ ಬರೆದ ಪತ್ರ ಐದನೇ ಅಧ್ಯಾಯ ಓದಿದೆ. 22ನೇ ವಚನದಿಂದ 24ರ ತನಕ. ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದೊಂದೇ ಪದ. ಹೆಂಡತಿಯರಿಗೆ ಹೇಳಿದ ಮಾತು ಅಲ್ಲಿಗೆ ಮುಗಿಯುತ್ತೆ. ಆಮೆನ್ ಅಂದು ಪುಸ್ತಕ ಮುಚ್ಚಿದೆ. ಮರುದಿನ ಅವಳ ಸರದಿ. 25ನೇ ವಚನದಿಂದ ಶುರು ಮಾಡಿದಳು, ಇಂಗ್ಲಿಷಿನಲ್ಲಿ. ಗಂಡಂದಿರಿಗೆ ಹೇಳಿರೋದು ಎಷ್ಟು ಉದ್ದ ಇದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ನಗ್ತೀರಿ. ಆದ್ರೆ ಅಲ್ಲಿ ನಾನು ಮಾಡಿದ್ದೇನು? ದೇವರ ವಾಕ್ಯದಲ್ಲಿ ಒಂದಕ್ಷರ ಬದಲಾಯಿಸಲಿಲ್ಲ. ನನಗೆ ಬೇಕಾದ ಕಡೆ ಶುರು ಮಾಡಿದೆ, ನನಗೆ ಬೇಕಾದ ಕಡೆ ನಿಲ್ಲಿಸಿದೆ. ಬೆತ್ತ ಬೇಕಾಗಿತ್ತು, ಪುಸ್ತಕ ಸಿಕ್ಕಿತು. ಓದುವವನ ಕೈಯಲ್ಲಿ ಈ ಅಧಿಕಾರ ಇರುತ್ತೆ. ಕೇಳುವವರು ಪುಟ ನೋಡ್ತಿರಲ್ಲ. ಎಲ್ಲಿಂದ ಎಲ್ಲಿವರೆಗೆ ಅಂತ ತೀರ್ಮಾನ ಮಾಡೋನು ಓದುವವನೇ. ಈ ಮಾತು ಹಿಡ್ಕೊಳ್ಳಿ, ಮತ್ತೆ ಬರ್ತೀನಿ.

ಜಾನ್ ಬನ್ಯನ್ ಹೆಸರು ಕೇಳಿರ್ತೀರಿ. ‘ಯಾತ್ರಿಕನ ಸಂಚಾರ’ ಬರೆದವನು. ಇಂಗ್ಲಿಷಿನಲ್ಲಿ ಅದು ಮೊದಲು ಅಚ್ಚಾಗಿದ್ದು 1678ರಲ್ಲಿ. ಅವನು ಪಂಡಿತನಲ್ಲ. ಬೆಡ್‌ಫರ್ಡ್ ಪಕ್ಕದ ಎಲ್‌ಸ್ಟೋ ಹಳ್ಳಿಯವನು, ಊರೂರು ತಿರುಗಿ ತೂತು ಬಿದ್ದ ಪಾತ್ರೆ ರಿಪೇರಿ ಮಾಡ್ತಿದ್ದವನು. ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಕಲಿತ ಓದುಬರಹ ಹೆಚ್ಚುಕಡಿಮೆ ಪೂರ್ತಿ ಮರೆತುಹೋಗಿತ್ತು ಅಂತ ಅವನೇ ಬರ್ಕೊಂಡಿದ್ದಾನೆ. 1666ರಲ್ಲಿ, ಜೈಲಿನಲ್ಲಿದ್ದಾಗ ಪ್ರಕಟವಾದ ಅವನ ಸಾಕ್ಷಿಯ ಪುಸ್ತಕದಲ್ಲಿ ಇದೆ ಇದು. ಅದೇ ಪುಸ್ತಕದಲ್ಲಿ ತನ್ನ ಮದುವೆಯ ಬಗ್ಗೆಯೂ ಹೇಳ್ತಾನೆ. ಇಬ್ಬರೂ ಕಡುಬಡವರು. ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚ ಕೂಡ ಇರಲಿಲ್ಲವಂತೆ. ಅವಳು ತವರಿಂದ ತಂದದ್ದು ಎರಡೇ ಎರಡು ಪುಸ್ತಕ, ಅವಳ ಅಪ್ಪ ಸಾಯುವಾಗ ಬಿಟ್ಟುಹೋದವು. ಒಂದು ಆರ್ಥರ್ ಡೆಂಟ್ ಅನ್ನೋರದು, ಇನ್ನೊಂದು ಲೂಯಿಸ್ ಬೇಯ್ಲಿ ಅನ್ನೋರದು.

ಇವತ್ತು ಮದುವೆ ಮಾತುಕತೆಗೆ ಹೋದ್ರೆ ಹುಡುಗಿ ಏನು ತರ್ತಾಳೆ ಅಂತ ಸುತ್ತಿ ಬಳಸಿ ಕೇಳ್ತಾರೆ. ಸಭೆಯವರೂ ಕೇಳ್ತಾರೆ, ನನಗೆ ಗೊತ್ತು. ಎರಡು ಪುಸ್ತಕ ಅಂದ್ರೆ ಹುಡುಗನ ಅಮ್ಮನ ಮುಖ ಹೇಗಾಗುತ್ತೆ ಅಂತ ಊಹಿಸಿಕೊಳ್ಳಿ.

ಆ ಎರಡು ಪುಸ್ತಕಗಳನ್ನು ಆಗಾಗ ಅವಳ ಜೊತೆ ಓದ್ತಿದ್ದೆ ಅಂತ ಬನ್ಯನ್ ಬರೀತಾನೆ. ಗಟ್ಟಿಯಾಗಿ ಅಂತ ಬಿಡಿಸಿ ಬರೆದಿಲ್ಲ. ಆದ್ರೆ ಒಂದು ಪುಸ್ತಕ, ಎರಡು ಜನ, ಓದು ಮರೆತ ಗಂಡ. ಬೇರೆ ಹೇಗೆ ಓದಿರ್ತಾರೆ, ನೀವೇ ಹೇಳಿ. ಡೆಂಟನ ಪುಸ್ತಕವಂತೂ ನಾಲ್ಕು ಜನ ಕೂತು ಮಾತಾಡೋ ಸಂಭಾಷಣೆ. ಒಬ್ಬ ಕೇಳ್ತಾನೆ, ಇನ್ನೊಬ್ಬ ಉತ್ತರ ಕೊಡ್ತಾನೆ, ಮತ್ತೊಬ್ಬ ಗೇಲಿ ಮಾಡ್ತಾನೆ. ಬಾಯಲ್ಲಿ ಓದೋಕೆ ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ನನಗೆ ಬಹಳ ಹಿಡಿಸೋದು ಬನ್ಯನನ ಪ್ರಾಮಾಣಿಕತೆ. ನಮ್ಮ ಸಾಕ್ಷಿಗಳಲ್ಲಾದ್ರೆ ಏನಂತೀವಿ? ಹೆಂಡತಿ ಜೊತೆ ಓದಿದೆ, ಅವತ್ತೇ ನನ್ನ ಜೀವಿತ ಬದಲಾಯ್ತು, ಹಲ್ಲೆಲೂಯಾ. ಅವನು ಹಾಗೆ ಬರೆಯಲ್ಲ. ಕೆಲವು ವಿಷಯ ಹಿಡಿಸಿದವು, ಒಳ್ಳೆಯವನಾಗಬೇಕು ಅಂತ ಒಂದು ಆಸೆ ಹುಟ್ಟಿತು, ಆದ್ರೆ ಪಾಪದ ಅರಿವು ಮಾತ್ರ ಆಗಲಿಲ್ಲ ಅಂತಾನೆ. ಅದು ಆಮೇಲೆ ಬಂತು, ವರ್ಷಗಟ್ಟಲೆ ಒದ್ದಾಡಿದ ಮೇಲೆ. ಆ ಹೆಂಡತಿ 1658ರಲ್ಲಿ ತೀರಿಕೊಂಡಳು, ನಾಲ್ಕು ಮಕ್ಕಳನ್ನು ಬಿಟ್ಟು. ಹಿರಿಯ ಮಗಳು ಹುಟ್ಟುಕುರುಡಿ. ಗಂಡ ಜೈಲಿಗೆ ಹೋಗಿದ್ದನ್ನಾಗಲಿ, ಲೋಕವೇ ಓದಿದ ಅವನ ಪುಸ್ತಕವನ್ನಾಗಲಿ ಅವಳು ನೋಡಲಿಲ್ಲ. ಅವಳ ಹೆಸರನ್ನೂ ಅವನು ಆ ಪುಸ್ತಕದಲ್ಲಿ ಬರೆದಿಲ್ಲ. ಎರಡು ಪುಸ್ತಕದ ಹೆಸರು ಬರೆದಿದ್ದಾನೆ, ಹೆಂಡತಿ ಹೆಸರು ಬರೆದಿಲ್ಲ. ಗಂಡಸರೇ, ಇದನ್ನು ಸ್ವಲ್ಪ ಯೋಚನೆ ಮಾಡಿ.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಎರಡು ವರ್ಷದ ಹಿಂದೆ ಒಂದು ಹಳೆಯ ಕನ್ನಡ ಕಾದಂಬರಿ ಓದ್ತಾ ಇದ್ವಿ. ಹೆಸರು ಹೇಳಲ್ಲ, ಹೇಳಿದ್ರೆ ನೀವು ಆ ಪುಟ ಹುಡುಕ್ತೀರಿ. ದಿನಕ್ಕೆ ಐದಾರು ಪುಟ. ಒಂದು ರಾತ್ರಿ ಪುಟ ತಿರುಗಿಸಿದಾಗ ಮುಂದಿನ ಸಾಲುಗಳ ಮೇಲೆ ಕಣ್ಣು ಓಡಿತು. ಗಟ್ಟಿಯಾಗಿ ಓದುವವರಿಗೆ ಇದು ಗೊತ್ತಿರುತ್ತೆ, ಬಾಯಿ ಒಂದು ಕಡೆ ಇದ್ರೆ ಕಣ್ಣು ಎರಡು ಸಾಲು ಮುಂದಿರುತ್ತೆ. ಕಥೆಯಲ್ಲಿ ಗಂಡ ಹೆಂಡತಿಗೆ ಹೇಳದೆ ಸಾಲ ಮಾಡಿದ್ದಾನೆ. ಅವಳು ಅವನ ಅಂಗಿ ಒಗೆಯೋಕೆ ತಗೊಂಡಾಗ ಜೇಬಿನಲ್ಲಿ ಕಾಗದ ಸಿಗುತ್ತೆ. ನಾಲ್ಕು ಪುಟ ಅದೇ ಮಾತು.

ಆ ಹೊತ್ತಿಗೆ ನಾನು ಸಾಲ ಮಾಡಿ 14 ತಿಂಗಳಾಗಿತ್ತು. ತಮ್ಮನ ಅಂಗಡಿಗೆ ಅಂತ 3.5 ಲಕ್ಷ, ನನ್ನ ಹೆಸರಿನಲ್ಲಿ. ತಿಂಗಳಿಗೆ 11,600 ಚಿಲ್ಲರೆ ಇಎಂಐ, ಅವಳಿಗೆ ಗೊತ್ತಿಲ್ಲದ ಇನ್ನೊಂದು ಅಕೌಂಟಿನಿಂದ. ಅಂಗಡಿ ಮುಚ್ಚಿ ಆಗಿತ್ತು. ಇನ್‌ಕ್ರಿಮೆಂಟ್ ಬಂದಿಲ್ಲ ಅಂತ ಮನೆಯಲ್ಲಿ ಹೇಳಿದ್ದೆ. ಬಂದಿತ್ತು.

ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟೆ. ನಾಲ್ಕು ಪುಟ. ದನಿ ಒಂದು ಚೂರೂ ನಡುಗಲಿಲ್ಲ.

ಮರುದಿನದ ಓದಿನಲ್ಲಿ ಆ ಹೆಂಡತಿ ತವರಿನಲ್ಲಿದ್ದಾಳೆ. ನನ್ನವಳು ಕೇಳಿದಳು, ‘ರೀ, ಇವಳು ಯಾವಾಗ ತವರಿಗೆ ಹೋದ್ಲು?’ ನಾನು ಹೇಳಿದೆ, ‘ಅವರಮ್ಮನಿಗೆ ಹುಷಾರಿಲ್ಲ ಅಂತ ಬಂತಲ್ಲ, ನೀನು ತೂಕಡಿಸ್ತಿದ್ದೆ.’ ಆಯ್ತು, ಅಲ್ಲಿಂದ ಆ ಅಮ್ಮನಿಗೆ ಕಾಯಿಲೆ ಬರಿಸೋ ಕೆಲಸ ನನ್ನದಾಯ್ತು. ಲೇಖಕರು ಬರೆಯದ ಕೆಮ್ಮನ್ನು ನಾನು ಓದಿದೆ. ಮೂರು ದಿನ ಆದ್ಮೇಲೆ ಇವಳು ಕೇಳ್ತಾಳೆ, ‘ಡಾಕ್ಟರಿಗೆ ತೋರಿಸಲ್ವಾ?’ ಡಾಕ್ಟರನ್ನೂ ಕರೆಸಬೇಕಾಯ್ತು. ಹತ್ತು ದಿನ ನಾನು ಆ ಕಾದಂಬರಿಯನ್ನು ಓದ್ತಿರಲಿಲ್ಲ, ಬರೀತಿದ್ದೆ.

ಯೆರೆಮೀಯನ ಪುಸ್ತಕ 36ನೇ ಅಧ್ಯಾಯ ಮನೆಗೆ ಹೋಗಿ ಓದಿ. ಬಾರೂಕನು ಸುರುಳಿಯಲ್ಲಿ ಬರೆದ ದೇವರ ಮಾತುಗಳು ಅರಸನಾದ ಯೆಹೋಯಾಕೀಮನ ಹತ್ತಿರ ಬರುತ್ತವೆ. ಚಳಿಗಾಲ, ಒಂಬತ್ತನೇ ತಿಂಗಳು, ಅರಸನ ಮುಂದೆ ಅಗ್ಗಿಷ್ಟಿಕೆಯಲ್ಲಿ ಕೆಂಡ. ಯೆಹೂದಿ ಅನ್ನೋನು ಗಟ್ಟಿಯಾಗಿ ಓದ್ತಾನೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಆ ಭಾಗವನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕ್ತಾರೆ, ಸುರುಳಿ ಪೂರ್ತಿ ಮುಗಿಯೋ ತನಕ. ಬೇಡ ಅಂತ ಮೂರು ಜನ ಅಧಿಕಾರಿಗಳು ಬೇಡಿಕೊಂಡರೂ ಅರಸ ಕೇಳಲ್ಲ.

ಈ ಭಾಗದ ಮೇಲೆ ಪ್ರಸಂಗ ಕೇಳಿದಾಗಲೆಲ್ಲ ನಾನು ಆ ಅರಸನನ್ನು ಬೈದುಕೊಂಡಿದ್ದೆ. ಈಗ ಯೋಚಿಸಿದ್ರೆ ಅವನು ನನಗಿಂತ ಒಂದು ವಿಷಯದಲ್ಲಿ ವಾಸಿ. ಅವನು ಮೊದಲು ಕೇಳಿಸಿಕೊಂಡು ಆಮೇಲೆ ಕತ್ತರಿಸಿದ, ಅದೂ ಎಲ್ಲರ ಕಣ್ಣೆದುರಿಗೆ. ನಾನು ಬಾಯಿಂದ ಹೊರಗೆ ಬರೋ ಮುಂಚೆಯೇ ಕತ್ತರಿಸಿದೆ. ಸುಟ್ಟ ವಾಸನೆ ಕೂಡ ಬರಲಿಲ್ಲ. ಆ ಸುರುಳಿಯ ಕಥೆ ಕೊನೆಗೆ ಏನಾಗುತ್ತೆ ಗೊತ್ತಲ್ಲ? ಅದನ್ನು ಮತ್ತೆ ಬರೆಸ್ತಾರೆ, ಇನ್ನಷ್ಟು ಮಾತುಗಳೂ ಸೇರ್ತವೆ.

ಈಗ ಪ್ರಶ್ನೆ. ಬಿಟ್ಟು ಓದೋದು ಸುಳ್ಳಾ? ಅಮ್ಮನ ಕೆಮ್ಮು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಪಕ್ಕಕ್ಕಿಡಿ. ಮೊದಲನೇ ರಾತ್ರಿ ನಾಲ್ಕು ಪುಟ ತಿರುಗಿಸಿದೆನಲ್ಲ, ಅವತ್ತು ನಾನು ಒಂದು ಸುಳ್ಳು ಪದವನ್ನೂ ಆಡಿರಲಿಲ್ಲ. ಇದನ್ನು ಬೈಬಲ್ ಸ್ಟಡಿಯಲ್ಲಿ ಹೇಳಿದಾಗ ಒಬ್ಬ ತಮ್ಮ ಒಳ್ಳೆ ಮಾತು ಕೇಳಿದ: ‘ಅಣ್ಣಾ, ನಾವು ಮಕ್ಕಳಿಗೆ ಸತ್ಯವೇದ ಓದುವಾಗ ನ್ಯಾಯಸ್ಥಾಪಕರು 19 ಬಿಟ್ಟು ಹೋಗಲ್ವಾ? ಅದೂ ಮೋಸಾನಾ?’ ಹೌದಲ್ಲ ಅನ್ನಿಸಿತು. ಮಗಳಿಗೆ ನಾನೂ ಬಿಡ್ತೀನಿ. ಆದ್ರೆ ಯಾರಿಗೋಸ್ಕರ ಬಿಡ್ತೀನಿ? ಅವಳು ಚಿಕ್ಕವಳು ಅಂತ. ಅದು ಅವಳಿಗೂ ಗೊತ್ತು, ದೊಡ್ಡವಳಾದ ಮೇಲೆ ತಾನೇ ಓದ್ತಾಳೆ, ಯಾಕೆ ಬಿಟ್ಟೆ ಅಂತ ಕೇಳಿದ್ರೆ ನನಗೆ ನಾಚಿಕೆ ಇಲ್ಲ. ಹೆಂಡತಿ ಮಗು ಅಲ್ಲ. ‘ಅವಳಿಗೆ ಬೇಜಾರಾಗಬಾರದು ಅಂತ ಹೇಳಲಿಲ್ಲ’ ಅನ್ನೋ ಮಾತು ನಾನೂ 14 ತಿಂಗಳು ನನಗೇ ಹೇಳ್ಕೊಂಡಿದ್ದೆ. ಬೇಜಾರಾಗಬಾರದಾಗಿದ್ದು ಅವಳಿಗಲ್ಲ, ನನಗೆ.

ಇನ್ನೊಂದು ಕಡೆಯಿಂದ ನೋಡಿ. ಅವಳು ಕಣ್ಣು ಮುಚ್ಚಿ, ಕಾಲು ಚಾಚಿ ಮಲಗಿ ಕೇಳ್ತಾಳೆ. ಯಾಕೆ? ಪುಟದಲ್ಲಿರೋದನ್ನೇ ನಾನು ಓದ್ತೀನಿ ಅನ್ನೋ ನೆಮ್ಮದಿ. ಆ ನೆಮ್ಮದಿಯನ್ನು ನಾನು ಕೇಳಿ ಪಡೆದಿದ್ದಲ್ಲ. ಓದೋಕೆ ಕೂತ ತಕ್ಷಣ ಅವಳೇ ಕೊಟ್ಟಿದ್ದು. ಮಾತಾಡದೆಯೇ ಕೊಟ್ಟ ಮಾತು ಅದು. ಅದನ್ನು ಮುರಿಯೋಕೂ ನನಗೆ ಮಾತು ಬೇಕಾಗಲಿಲ್ಲ.

ನಮ್ಮಜ್ಜಿಗೆ ಅಕ್ಷರ ಬರ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೊದಲು ರಕ್ಷಣೆ ಹೊಂದಿದವಳು ಅವಳೇ. ಸಂಜೆ ಹೊತ್ತು ನನ್ನ ಕೈಯಲ್ಲಿ ಕೀರ್ತನೆ ಓದಿಸ್ತಿದ್ದಳು. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಇದ್ದ ದಿನ ನಾನು ಮಧ್ಯೆ ಒಂದೆರಡು ವಚನ ಹಾರಿಸ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅಂತಿದ್ದಳು, ‘ನುಂಗಿಬಿಟ್ಟೆ ಕಣೋ ಮಗಾ, ಉಗುಳು.’ ಓದೋಕೆ ಬಾರದವರಿಗೆ ಗೊತ್ತಾಗಲ್ಲ ಅಂತ ಅಂದುಕೊಂಡ ಮೂರ್ಖ ನಾನು, ಒಂಬತ್ತನೇ ವಯಸ್ಸಿಗೇ ಸಿಕ್ಕಿಬಿದ್ದಿದ್ದವನು.

ಆಡಿಯೋ ಬುಕ್ ಹಾಕಿ ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕ್ಕೊಂಡ್ರೆ ಆಗಲ್ವಾ ಅಂತ ಕೇಳ್ತೀರಿ. ಟ್ರಾಫಿಕ್ಕಿನಲ್ಲಿ ನಾನೂ ಕೇಳ್ತೀನಿ, ತಪ್ಪಲ್ಲ. ಅದರಲ್ಲಿ ಓದೋನು ಯಾವ ಪುಟಾನೂ ಬಿಡಲ್ಲ. ಯಾಕಂದ್ರೆ ಅವನು ನಿಮ್ಮ ಹತ್ರ ಏನನ್ನೂ ಮುಚ್ಚಿಟ್ಟಿಲ್ಲ. ನಿಮ್ಮ ಮನೆ ಸಾಲಕ್ಕೂ ಅವನಿಗೂ ಸಂಬಂಧ ಇಲ್ಲ. ‘ಇವಳು ಯಾವಾಗ ತವರಿಗೆ ಹೋದ್ಲು’ ಅಂತ ಅವನನ್ನು ಕೇಳೋಕಾಗಲ್ಲ. ಮಿಲಾನಿನ ಬಿಷಪ್ ಆ್ಯಂಬ್ರೋಸ್ ದನಿ ಇಲ್ಲದೆ ಓದ್ತಿದ್ದದ್ದನ್ನು ನೋಡಿದ ಅಗಸ್ಟೀನ, ಯಾಕಿರಬಹುದು ಅಂತ ಊಹೆ ಮಾಡಿ ಬರೆದಿದ್ದಾನೆ. ಗಟ್ಟಿಯಾಗಿ ಓದಿದ್ರೆ ಪಕ್ಕದಲ್ಲಿರೋರು ಕಷ್ಟದ ಕಡೆ ನಿಲ್ಲಿಸಿ ಅರ್ಥ ಕೇಳ್ತಾರೆ, ಅದನ್ನು ತಪ್ಪಿಸಿಕೊಳ್ಳೋಕೆ ಇರಬಹುದು ಅಂತ. ದನಿ ಕಾಪಾಡಿಕೊಳ್ಳೋಕೂ ಇರಬಹುದು ಅಂತಾನೆ. ಅಪೊಸ್ತಲರ ಕೃತ್ಯಗಳು ಎಂಟರಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಯೆಶಾಯನ ಪ್ರವಾದನೆಯನ್ನು ಗಟ್ಟಿಯಾಗಿ ಓದ್ತಿದ್ದ, ಅದಕ್ಕೇ ಫಿಲಿಪ್ಪನಿಗೆ ಕೇಳಿಸಿತು. ಅರ್ಥ ಆಗ್ತಿದೆಯಾ ಅಂತ ಫಿಲಿಪ್ಪ ಕೇಳಿದ. ಕಂಚುಕಿ ಬೈಯಲಿಲ್ಲ, ಮೇಲೆ ಬಾ, ಪಕ್ಕದಲ್ಲಿ ಕೂತ್ಕೋ ಅಂದ.

ಆ ವರ್ಷ ನಮ್ಮ ಮಗಳು ಒಂದನೇ ಕ್ಲಾಸು. ಕನ್ನಡ ಅವಳಿಗೆ ಸೆಕೆಂಡ್ ಲ್ಯಾಂಗ್ವೇಜ್. ಹೋಮ್‌ವರ್ಕ್ ಮಾಡಿಸೋಕೆ ಕೂತ ಹೆಂಡತಿ ತಾನೂ ಕಲೀತಾ ಇದ್ದಳು, ನನಗೆ ಹೇಳಿರಲಿಲ್ಲ. ಅರ, ಸರ, ಮರದಿಂದ ಶುರು ಮಾಡಿ ಒತ್ತಕ್ಷರದ ತನಕ ಬಂದಿದ್ದಳಂತೆ.

ಒಂದು ಶನಿವಾರ ರಾತ್ರಿ ನಾನು ಪುಸ್ತಕಕ್ಕೆ ಕೈ ಹಾಕಿದೆ. ‘ಇವತ್ತು ನಾನು ಓದ್ತೀನಿ’ ಅಂದಳು. ಹಿಂದಕ್ಕೆ ತಿರುಗಿಸಿ ಆ ಪುಟ ತೆಗೆದಳು. ಪೆನ್ಸಿಲ್ ಗುರುತು ಹಾಕಿಟ್ಟಿದ್ದಳು. ಬೆರಳಿಟ್ಟುಕೊಂಡು ಓದೋಕೆ ಶುರು ಮಾಡಿದಳು. ಒಂದೊಂದೇ ಅಕ್ಷರ. ‘ಜೇ... ಬಿ... ನ... ಲ್ಲಿ.’ ಮಹಾಪ್ರಾಣ ಬಂದ ಕಡೆ ನಿಲ್ಲೋಳು. ‘ಇದೇನ್ರೀ?’ ಅಂತ ನನ್ನನ್ನೇ ಕೇಳೋಳು. ನಾನೇ ಹೇಳಿಕೊಡಬೇಕು. ನಾನು ಎರಡು ಸೆಕೆಂಡಿನಲ್ಲಿ ಹಾರಿಸಿದ ನಾಲ್ಕು ಪುಟಕ್ಕೆ ಒಂದು ಗಂಟೆ ಹತ್ತು ನಿಮಿಷ ಆಯ್ತು. ಗಡಿಯಾರ ಎದುರಿಗೇ ಇತ್ತು. ಎದ್ದು ಹೋಗೋ ಹಾಗಿರಲಿಲ್ಲ. ಮಧ್ಯೆ ಒಂದು ಸಲ ನೀರು ಬೇಕಾ ಅಂತ ಕೇಳಿದೆ, ಬೇಡ ಅಂದಳು.

ಮುಗಿಸಿ ಪುಸ್ತಕ ಮುಚ್ಚಿದಳು. ಸಾಲದ ಬಗ್ಗೆ ಅವಳಿಗೆ ಆಗ ಏನೂ ಗೊತ್ತಿಲ್ಲ. ಕೇಳಿದ್ದು ಒಂದೇ ಮಾತು: ‘ಬೇರೆ ಏನಾದ್ರೂ ಬಿಟ್ಟು ಓದಿದ್ದೀರೇನ್ರೀ?’

ಪವಿತ್ರಾತ್ಮನು ಮಾತಾಡೋದು ಪ್ರಾರ್ಥನೆಯಲ್ಲಿ, ಆರಾಧನೆಯಲ್ಲಿ, ಅನ್ಯಭಾಷೆಯಲ್ಲಿ ಅಂತ ನಾನು ನಂಬ್ತೀನಿ. ಅವತ್ತು ಒತ್ತಕ್ಷರ ತಪ್ಪಿಸಿಕೊಂಡು ಓದಿದ ಹೆಂಗಸಿನ ಬಾಯಲ್ಲಿ ಕೇಳಿದೆ. ಎಲ್ಲಾ ಹೇಳಿದೆ. ಅಕೌಂಟು, ಇಎಂಐ, ತಮ್ಮ, ಇನ್‌ಕ್ರಿಮೆಂಟು.

ಅವಳು ಅತ್ತು ಕ್ಷಮಿಸಿಬಿಟ್ಟಳು ಅಂತ ಹೇಳಿದ್ರೆ ಪ್ರಸಂಗ ಚೆನ್ನಾಗಿ ಮುಗಿಯುತ್ತೆ. ಹಾಗಾಗಲಿಲ್ಲ. ಗುರುವಾರ ಅವಳು ತಿದ್ದಿಸಿದ ಒಂದು ಕಡೆ ಇದು. ನಾನು ‘ಸ್ವಲ್ಪ ದಿನ ಬೇಜಾರಿನಲ್ಲಿದ್ದಳು’ ಅಂತ ಬರೆದಿದ್ದೆ. ‘ಮೂರು ವಾರ ನಿಮ್ಮ ದನಿ ಕೇಳೋಕೆ ನನಗೆ ಇಷ್ಟ ಇರಲಿಲ್ಲ ಅಂತ ಬರೀರಿ’ ಅಂದಳು. ಬರೆದಿದ್ದೀನಿ. ಮೂರು ವಾರ ಮನೆಯಲ್ಲಿ ಓದು ಇರಲಿಲ್ಲ. ಕುಟುಂಬ ಪ್ರಾರ್ಥನೆಯಲ್ಲೂ ಮಗಳ ಕೈಯಲ್ಲಿ ವಾಕ್ಯ ಓದಿಸಿದಳು. ಇನ್ನೊಂದು ಅಕೌಂಟಿನ ಪಾಸ್‌ಬುಕ್ ಈಗ ಅವಳ ಬೀರುವಿನಲ್ಲಿದೆ. ಸಾಲ ಇನ್ನೂ ಇದೆ, ಈ ಬರುವ ತಿಂಗಳುಗಳಲ್ಲಿ ದೇವರ ಕೃಪೆಯಿಂದ ಮುಗಿಯುತ್ತೆ.

ಕಾದಂಬರಿ ಮುಗಿಸಿದ್ವಿ. ಆಮೇಲೆ ಇನ್ನೂ ನಾಲ್ಕೈದು ಪುಸ್ತಕ ಆಗಿವೆ. ಈಗ ಅವಳು ಕಣ್ಣು ಮುಚ್ಚಿ ಮಲಗಿ ಕೇಳಲ್ಲ. ಪಕ್ಕದಲ್ಲಿ ಒರಗಿ ಕೂತು, ನಾನು ಓದುವ ಸಾಲಿನ ಕೆಳಗೆ ಬೆರಳು ಓಡಿಸ್ತಾಳೆ. ನಾನು ಬೇಗ ಓದಿದ್ರೆ ಬೆರಳು ಹಿಂದೆ ಬೀಳುತ್ತೆ, ಆಗ ನಾನು ನಿಲ್ತೀನಿ. ಅದು ಕನ್ನಡ ಕಲಿಯೋದಕ್ಕಾ, ನನ್ನನ್ನು ಕಾಯೋದಕ್ಕಾ ಅಂತ ನಾನು ಇದುವರೆಗೂ ಕೇಳಿಲ್ಲ. ಗುರುವಾರ ಇದನ್ನು ಓದಿದಾಗಲೂ ಅವಳು ಏನೂ ಹೇಳಲಿಲ್ಲ.

ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.